ಲೇತ್ ಮುಂದೆ ಚಪ್ಪಲಿ ಬಿಟ್ಟದ್ದು

ಅಮೆರಿಕದ ಎವರೆಟ್ ಕಡೆ ಮೊಮ್ಮಗಳು ಓದುವ ಟೆಕ್ನಿಕಲ್ ಹೈಸ್ಕೂಲಿನ ಇತಿಹಾಸದ ಪ್ರದರ್ಶನಕ್ಕೆ ಫೋಟೊ ಹೊಂದಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಬಿ.ಎಸ್ಸಿ. ಓದಿದವಳು, ಮನೆಯ ಮೂರು ತಲೆಮಾರಿನ ಫೋಟೊಗಳನ್ನು ಇಸವಿ ಸಮೇತ ಜೋಡಿಸಿಟ್ಟವಳು. ಶಾಲೆಯದೇನು ಮಹಾ ಎಂದುಕೊಂಡಿದ್ದೆ. ಪ್ರತಿ ದಶಕದಲ್ಲೂ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಅದೇ ಹಳೆಯ ಲೇತ್ ಯಂತ್ರದ ಮುಂದೆ ಯಾರಾದರೂ ನಿಂತ ಫೋಟೊ ಸಿಕ್ಕಿತು. ಈ ದಶಕದ್ದು ಮಾತ್ರ ಇಲ್ಲ. ಸಂಜೆಯೇ ಉದ್ಘಾಟನೆ, ಕೊನೆಯ ಚೌಕಟ್ಟು ಖಾಲಿ.

ಮೊಮ್ಮಗಳನ್ನು ನಿಲ್ಲಿಸಿ ಫೋಟೊ ತೆಗೆಯೋಣವೆಂದು ಅವಳ ಜೊತೆ ವರ್ಕ್‌ಶಾಪಿಗೆ ಓಡಿದೆ. ಲೇತ್ ಕಂಡದ್ದೇ, ಆಯುಧಪೂಜೆಯ ಅಭ್ಯಾಸದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದೆ.

"ನಿಲ್ಲಿ! ಬರಿಗಾಲಲ್ಲಿ ಯಾರೂ ಒಳಗೆ ಬರುವಂತಿಲ್ಲ," ಎಂದು ಟೋಪಿ ತೊಟ್ಟ ಅಲ್ಲಿನ ಹಿರಿಯ ಮೇಷ್ಟ್ರು ಕೂಗಿದರು.

"ಎಷ್ಟು ಮಕ್ಕಳಿಗೆ ಅನ್ನ ಕೊಟ್ಟ ಯಂತ್ರ ಇದು! ಚಪ್ಪಲಿ ಹಾಕಿಕೊಂಡು ಹೇಗೆ ನಿಲ್ಲಲಿ?"

"ಚಪ್ಪಲಿಯೂ ಆಗದು. ಬೂಟೇ ಬೇಕು."

"ಅಜ್ಜಿ, ಪ್ಲೀಸ್, ಹಾಕ್ಕೋ," ಎಂದು ಮೊಮ್ಮಗಳು ಗೋಗರೆದಳು. "ಇವರು ಪ್ರಿನ್ಸಿಪಾಲರನ್ನೇ ಹೊರಗೆ ನಿಲ್ಲಿಸಿದ್ದಾರೆ."

ಇಳಕಲ್ ಸೀರೆಯ ಕೆಳಗೆ ಅವರು ಕೊಟ್ಟ ಉಕ್ಕಿನ ಮೂತಿಯ ಬೂಟು ತೊಟ್ಟು, ಧಪ್ ಧಪ್ ಎಂದು ನಡೆದು ಲೇತ್ ಮುಂದೆ ನಿಂತೆ. ನನ್ನ ಸಪ್ಪೆ ಮುಖ ನೋಡಿ ಮೇಷ್ಟ್ರು, "ಹೋಗಲಿ, ನಮ್ಮಲ್ಲಿ ಗೌರವಕ್ಕೆ ತೆಗೆಯೋದು ಟೋಪಿ. ನಿಮ್ಮ ಪರವಾಗಿ ನಾನು ಇದನ್ನು ತೆಗೀತೀನಿ," ಎಂದು ತಮ್ಮ ಟೋಪಿ ತೆಗೆದು, ಎದೆಗೆ ಹಿಡಿದು ಪಕ್ಕದಲ್ಲಿ ನಿಂತರು.

"ನನ್ನ ಬದಲು ನೀವೇ ಇರಿ, ಇಬ್ಬರೂ ಅಲ್ಲಾಡಬೇಡಿ!" ಎಂದು ಮೊಮ್ಮಗಳು ಫೋನ್ ಎತ್ತಿದಳು.

ಸಂಜೆ ಹಳೆಯ ವಿದ್ಯಾರ್ಥಿಗಳೆಲ್ಲ ಆ ಕೊನೆಯ ಫೋಟೊದ ಮುಂದೆಯೇ ಮುತ್ತಿಕೊಂಡರು. ನನ್ನ ಸೀರೆಯ ಬಗ್ಗೆಯಾಗಲಿ ಬೂಟಿನ ಬಗ್ಗೆಯಾಗಲಿ ಯಾರೂ ಕೇಳಲಿಲ್ಲ. ಮೇಷ್ಟ್ರ ತಲೆ ಬೋಳು ಎಂದು ಶಾಲೆಗೆ ಗೊತ್ತಾದದ್ದು ಈ ದಶಕದಲ್ಲಿ. ಇಸವಿ ಬರೆದಿಟ್ಟಿದ್ದೇನೆ.