ಬಾಡಿಗೆಗೆ ಬರುವವರ ಕುಲ ವಿಚಾರಿಸಿದ್ದು

ಹಿಂದೂಪುರದಲ್ಲಿ ನನ್ನ ಸೋದರಮಾವನಿಗೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಐದು ಮನೆಗಳಿದ್ದವು. ಒಂದರಲ್ಲಿ ಮಾವ, ಅತ್ತೆ. ಉಳಿದ ನಾಲ್ಕು ಬಾಡಿಗೆಗೆ. ಅಂಗಳದ ನಡುವೆ ಸೇದುವ ಬಾವಿ. ಆಂಧ್ರ ಇನ್ನೂ ಬೇರೆ ಆಗಿರಲಿಲ್ಲ, ನಾವೆಲ್ಲ ಮದ್ರಾಸಿಗೆ ಸೇರಿದವರು. ಮಾವನದು ಬೆಲ್ಲ, ಹುಣಸೆಹಣ್ಣಿನ ಮಂಡಿ. ನಾನು ಸೆಟ್ಟೂರಿನ ಕಡೆಯಿಂದ ಬಂದು ಆ ಮಂಡಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದ್ದೆ. ಬರೆಯುವುದು ಅಂದರೆ ದೊಡ್ಡದೇನಲ್ಲ. ನಾನು ಅಕ್ಷರ ಕಲಿತದ್ದೇ ಇಪ್ಪತ್ತು ದಾಟಿದ ಮೇಲೆ, ಸಣ್ಣ ಮಕ್ಕಳ ಸಾಲಿನಲ್ಲಿ ಕೂತು. ಮಕ್ಕಳು ನಗುತ್ತಿದ್ದರು. ಕಲಿಸಿದ ಮೇಷ್ಟ್ರು ನಗಲಿಲ್ಲ. ಅದಕ್ಕೋ ಏನೋ, ಮೇಷ್ಟ್ರು ಅಂದರೆ ಯಾರೇ ಆಗಲಿ, ನನಗೆ ಎದ್ದು ನಿಲ್ಲಬೇಕು ಅನಿಸುತ್ತಿತ್ತು.

ಮನೆ ಕೇಳಿಕೊಂಡು ಬಂದವರಿಗೆ ಮಾವ ಮುಖದ ಮೇಲೆ ಇಲ್ಲ ಅಂದದ್ದು ನಾನು ನೋಡಿಲ್ಲ. ಜಗಲಿಯ ಮೇಲೆ ಕೂರಿಸುವರು. ಊರು ಯಾವುದು, ಹಿಂದೆ ಎಲ್ಲಿದ್ದಿರಿ, ಎಷ್ಟು ಜನ ಅಂತ ಕೇಳುವರು. ಜಾತಿ ಕೇಳುತ್ತಿರಲಿಲ್ಲ. ಅದು ಮರ್ಯಾದೆಯಲ್ಲ ಅನ್ನುತ್ತಿದ್ದರು. "ಒಂದು ವಾರ ಬಿಟ್ಟು ಬಾರಪ್ಪ" ಎಂದು ಕಳಿಸಿ, ಆ ವಾರದಲ್ಲಿ ಅವರ ಹಿಂದಿನ ಊರಿಗೆ ಯಾರನ್ನಾದರೂ ವಿಚಾರಣೆಗೆ ಅಟ್ಟುವರು, ಹೆಣ್ಣು ಕೊಡುವಾಗ ವಿಚಾರಿಸುವ ಹಾಗೆ. ಹೋದವನು ತಂದ ಸುದ್ದಿ ಸರಿಬರದಿದ್ದರೆ ಒಂದೇ ಮಾತು: "ಆ ಮನೆಗೆ ನಮ್ಮ ಅಕ್ಕನ ಮಗಳು ಬತ್ತಾಳಂತೆ ಕಣಪ್ಪ." ಮಾವನಿಗೆ ಇದ್ದ ಒಬ್ಬಳೇ ಅಕ್ಕ ನನ್ನ ತಾಯಿ. ಆಕೆಗೆ ಹೆಣ್ಣುಮಕ್ಕಳೇ ಇರಲಿಲ್ಲ. ಹುಟ್ಟದ ನನ್ನ ತಂಗಿಗಾಗಿ ಎಷ್ಟೋ ಸಂಸಾರಗಳು ಆ ಜಗಲಿಯಿಂದ ಎದ್ದು ಹೋದವು. ಸಾಬರು, ಮಗ್ಗದವರು, ರೈಲ್ವೆಗೆ ಬಂದ ತಮಿಳರು. ನಾನು ಅದನ್ನು ನೋಡಿ ನಗುತ್ತಿದ್ದೆ. ಮಾವನ ಜಾಣತನ ಅನಿಸುತ್ತಿತ್ತು.

ಒಂದು ಬೇಸಿಗೆಯ ಕೊನೆಯಲ್ಲಿ ಕಲ್ಯಾಣದುರ್ಗದಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಮನೆ ಕೇಳಿದರು. ಒಗೆದ ಕೋಟು, ಹಣೆಯಲ್ಲಿ ವಿಭೂತಿ, ತಗ್ಗಿದ ದನಿ. ಹೆಂಡತಿಗೆ ಆರು ತಿಂಗಳು, ಹಿಂದಿನ ಎರಡು ಹೆರಿಗೆಯೂ ಕೆಟ್ಟಿದ್ದವು, ಈ ಸಲ ಆಸ್ಪತ್ರೆಯ ಹತ್ತಿರವೇ ಇರಬೇಕು ಅಂತ ಇಲ್ಲಿನ ಡಾಕ್ಟರಮ್ಮ ಹೇಳಿದ್ದಾರೆ ಎಂದರು. ನಮ್ಮ ಅಂಗಳದಿಂದ ಆಸ್ಪತ್ರೆ ಎರಡು ಬೀದಿ ಆಚೆ. ಮಾವ ವಿಭೂತಿಯನ್ನು ನೋಡಿದರು. ಮೇಷ್ಟ್ರು ಹೋದ ಮೇಲೆ ನನ್ನ ಕಡೆ ತಿರುಗಿ, "ಮನವಾಳ್ಳೇ ಅನ್ನಿಸ್ತದೆ ಕಣ್ಲಾ, ನಮ್ಮ ಜನಾನೇ ಇರ್ಬೇಕು. ಆದ್ರೂ ಹೋಗಿ ಒಂದು ಮಾತು ಕೇಳ್ಕೊಂಡು ಬಾ" ಅಂದರು.

ಇದ್ದಿಲು ಉರಿಸಿ ಓಡಿಸುವ ಬಸ್ಸು. ಪಾವಗಡ ಸುತ್ತಿ ಕಲ್ಯಾಣದುರ್ಗ ಸೇರುವ ಹೊತ್ತಿಗೆ ಮೈಯೆಲ್ಲ ಮಸಿ, ಸೊಂಟ ಬಿದ್ದುಹೋಗಿತ್ತು. ಬಸ್ಸು ನಿಲ್ಲುವಲ್ಲಿದ್ದ ಕಾಫಿ ಹೋಟೆಲಿನವನನ್ನು ಹಿಂದೂಪುರಕ್ಕೆ ವರ್ಗವಾದ ಮೇಷ್ಟ್ರ ಮನೆ ಎಲ್ಲಿ ಅಂತ ಕೇಳಿದೆ. ಅವನು ಲೋಟ ತೊಳೆಯುತ್ತಲೇ, "ಆಯನಾ? ಮಾಲವಾಡಲೋ ಉಂಟಾಡು ಪೋ" ಅಂದ. ಅಂದರೆ ಊರಾಚೆಯ ಕೇರಿಯಲ್ಲಿ. ನನ್ನ ಕೆಲಸ ಅಲ್ಲಿಗೇ ಮುಗಿದಿತ್ತು. ತಿರುಗಿ ಬಸ್ಸು ಹತ್ತಬಹುದಿತ್ತು. ಆದರೆ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೇರಿಯ ತನಕ ನಡೆದೆ.

ಮೇಷ್ಟ್ರು ಇರಲಿಲ್ಲ. ಅವರ ಹೆಂಡತಿ ಬಾಗಿಲ ಹೊರಗೆ ರಾಗಿ ಕೇರುತ್ತಿದ್ದರು. ಹೊಟ್ಟೆ ಎದ್ದು ಕಾಣುತ್ತಿತ್ತು, ಮುಖ ಬಿಳುಚಿತ್ತು. ಹಿಂದೂಪುರದ ಮನೆಯವರ ಕಡೆಯಿಂದ ಬಂದೆ ಅಂದೆ. ಆಕೆ ಮೊರ ಕೆಳಗಿಟ್ಟು ಎದ್ದರು.

"ನೀರು ಕೊಡಾನ ಅಂದ್ರೆ ನೀವು ಕುಡಿಯಾಕಿಲ್ಲ. ಕೂತ್ಕಳಿ ಅನ್ನಾಕೂ ಭಯ ಆಯ್ತದೆ ಕಣಣ್ಣ."

"ಪರವಾಗಿಲ್ಲಮ್ಮ" ಅಂದೆ. ಕುಡಿಯುತ್ತೇನೆ ಅಂತ ನಾನೂ ಅನ್ನಲಿಲ್ಲ.

"ನಮ್ಮನ್ನ ಎಲ್ಲಿ ಒಪ್ಕೊತಾರೆ ಬಿಡಿ. ಇವ್ರು ಸುಮ್ಕೆ ಬೀದಿ ಬೀದಿ ಕೇಳ್ಕೊಂಡು ತಿರುಗ್ತಾ ಅವ್ರೆ. ಮೊದಲ್ನೇದು ಹುಟ್ತಾನೇ ಹೋಯ್ತು. ಎರಡ್ನೇದು ಅಡ್ಡ ಬಿದ್ದಿತ್ತಂತೆ, ಸೂಲಗಿತ್ತಿ ಕೈಲಿ ಆಗ್ಲಿಲ್ಲ. ಇದೊಂದು ಉಳಿದ್ರೆ ಸಾಕು ಅಂತ ಅವ್ರ ಆಸೆ." ಮೊರ ಎತ್ತಿಕೊಳ್ಳುತ್ತ, "ನಂದೂನೂ" ಅಂದರು.

ಬರುವಾಗ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿಬಿಟ್ಟೆ. ಮನಸ್ಸು ಹಗುರವಾಗಿತ್ತು. ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನುವ ಹಿಗ್ಗೂ ಇತ್ತು. ಈಗ ಅನಿಸುತ್ತದೆ, ಮೇಷ್ಟ್ರನ್ನು ಒಂದು ಮಾತು ಕೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು. ನಾನು ಕೇಳಲಿಲ್ಲ. ಮಾವನ ಮುಂದೆ ನಿಂತು, "ನಮ್ಮ ಜನಾನೇ ಮಾವ. ದಾಯಾದಿ ಜಗಳದಾಗೆ ಕೆಟ್ಟೋರು. ನೆಂಟರ ಮಾತು, ಮಠದ ಮಾತು ಎತ್ಬೇಡಿ, ನೊಂದ್ಕೋತಾರೆ" ಅಂದೆ. ಯಾವುದೋ ಒಕ್ಕಲುತನದವರು ಅಂದಿದ್ದರೂ ಮನೆ ಸಿಗುತ್ತಿತ್ತು. ನಾಲ್ಕರಲ್ಲಿ ಒಂದು ಮನೆಯಲ್ಲಿ ರೆಡ್ಡಿಗಳಿದ್ದರು, ಅತ್ತೆ ಅವರನ್ನು ಹೊಸ್ತಿಲ ಆಚೆಯಿಂದಲೇ ಮಾತಾಡಿಸಿ ಸುಮ್ಮನಿರುತ್ತಿದ್ದರು. ನನಗೆ ಅನುಮಾನಕ್ಕೆ ಎಡೆಯೇ ಇಲ್ಲದ ಮಾತು ಬೇಕಾಗಿತ್ತು. ಲಿಂಗ ಕಟ್ಟುವ ನಮ್ಮವರು ಅಂದುಬಿಟ್ಟರೆ ಯಾರೂ ಹತ್ತಿರ ಹೋಗಿ ನೋಡುವುದಿಲ್ಲ ಅಂದುಕೊಂಡೆ. ನಮ್ಮವರು ಅಂದ ಮೇಲೆ ಹತ್ತಿರ ಹೋಗದೆ ಇರುವುದು ನಮ್ಮಲ್ಲಿ ಉಂಟೆ?

ಮೇಷ್ಟ್ರಿಗೆ, "ಮಾವ ಒಪ್ಪಿದ್ರು, ಬನ್ನಿ. ಮಾಂಸ ಬೇಯಿಸ್ಬಾರ್ದು, ಅಷ್ಟೇ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ವಿಚಾರಿಸ್ಕೊಂಡೇ ಒಪ್ಪಿದ್ರಾ ಸ್ವಾಮಿ?"

"ಹೂಂ, ವಿಚಾರಿಸ್ಕೊಂಡೇ."

ಅವರ ಕಣ್ಣು ತುಂಬಿತು. "ಇಂಥೋರೂ ಅವ್ರೆ ಅಂತ ನಮ್ಮೋರಿಗೆ ಹೇಳ್ಬೇಕು" ಅಂದರು. ಆಗಲೇ ನಾನು ಬಾಯಿ ಬಿಡಬೇಕಿತ್ತು.

ಅವರು ಬಂದರು. ಮೊದಲ ದಿನ ಮೇಷ್ಟ್ರು ಮಾವನ ಕಾಲು ಮುಟ್ಟಿದರು. ಮಾವ ಹಿರಿಯನಿಗೆ ಸಲ್ಲುವ ಮರ್ಯಾದೆ ಅಂದುಕೊಂಡು ತಲೆ ಸವರಿದರು. ಆಕೆ ಬಾವಿಗೆ ಬರಲು ಎರಡು ದಿನ ಹಿಂಜರಿದರು. ಅತ್ತೆಯೇ ಕೊಡ ಕಿತ್ತುಕೊಂಡು, "ಏನೇ ಹುಡುಗಿ, ಬಾವಿ ಏನು ಕಚ್ತದಾ? ತುಂಬಿದ ಬಸುರಿ, ಕೊಡ ಎತ್ಬ್ಯಾಡ, ನಾನು ಸೇದಿ ಕೊಡ್ತೀನಿ" ಅಂದರು. ಅತ್ತೆಗೆ ಮಕ್ಕಳಿರಲಿಲ್ಲ. ಮಧ್ಯಾಹ್ನವಾದರೆ ಆಕೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುವರು. ರಾತ್ರಿಗೆ ಹುಳಿ ಮಾಡಿದರೆ ಒಂದು ಬಟ್ಟಲು ಆ ಮನೆಗೆ. ಆಕೆ ಮಾತು ಕಡಿಮೆ. ನನ್ನನ್ನು ಕಂಡಾಗ ಮಾತ್ರ, "ಇಷ್ಟೊಂದು ಒಳ್ಳೇರು ಅಂತ ನಾನು ತಿಳ್ಕೊಂಡಿರ್ಲಿಲ್ಲ ಕಣಣ್ಣ" ಅನ್ನುವರು. ನಾನು ಮಂಡಿಗೆ ಹೊತ್ತಾಯಿತು ಅಂತ ಹೊರಟುಬಿಡುತ್ತಿದ್ದೆ.

ಊರಿನಲ್ಲಿ ಗುಸುಗುಸು ಏಳದೆ ಇರಲಿಲ್ಲ. ಪರಿಗಿಯಿಂದ ಬೆಲ್ಲ ತರುವವನೊಬ್ಬ ಮಂಡಿಯಲ್ಲೇ, "ಸಾವ್ಕಾರ್ರೆ, ಆ ಮೇಷ್ಟ್ರು ಯಾರು ಅಂತ ನೋಡ್ಕೊಂಡಿದೀರಾ?" ಅಂತ ಕೇಳಿದ. ಮಾವ ಗದರಿದರು: "ನಮ್ಮ ಹುಡುಗ ಕಲ್ಯಾಣದುರ್ಗಕ್ಕೇ ಹೋಗಿ ವಿಚಾರಿಸ್ಕೊಂಡು ಬಂದವ್ನೆ. ನಿನ್ನ ಬೆಲ್ಲದಾಗೆ ಮಣ್ಣಿರೋದು ನೋಡ್ಕೋ ಹೋಗ್ಲಾ." ಎಲ್ಲರೂ ನಕ್ಕರು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ.

ಎಂಟನೇ ತಿಂಗಳು ಬಿತ್ತು. ನಮ್ಮಲ್ಲಿ ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟುವ ಪದ್ಧತಿ. ಮಠದ ಅಯ್ಯನವರು ಬಂದು ಕೂಸಿನ ಲಿಂಗವನ್ನು ತಾಯಿಯ ಮೈಮೇಲೆ, ಆಕೆಯ ಲಿಂಗದ ಜೊತೆಗೇ ಕಟ್ಟುವರು. ಹೆರಿಗೆಯಾದ ಮೇಲೆ ಅದು ಕೂಸಿನದು. ನನಗೆ ಅದು ನೆನಪೇ ಆಗಿರಲಿಲ್ಲ. ಮದುವೆಯಾಗದವನಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ನೆಂಟರಿಲ್ಲದ ಹುಡುಗಿ, ತಾಯಿಯ ಜಾಗದಲ್ಲಿ ನಾನೇ ಮಾಡಿಸುತ್ತೇನೆ ಅಂತ ಅತ್ತೆ ಯಾರಿಗೂ ಹೇಳದೆ ಅಯ್ಯನವರಿಗೆ ಸುದ್ದಿ ಕಳಿಸಿದ್ದರು.

ಸೋಮವಾರ ಬೆಳಿಗ್ಗೆ. ಹೋಳಿಗೆಯ ವಾಸನೆ ಅಂಗಳಕ್ಕೆಲ್ಲ ಹರಡಿತ್ತು. ಮೂರು ನಾಲ್ಕು ಮುತ್ತೈದೆಯರು ಬಂದಿದ್ದರು. ಆಕೆಗೆ ಹಸಿರು ಬಳೆ ತೊಡಿಸಿ ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಬಳೆ ತೊಡಿಸಿ ಉಡಿ ತುಂಬುತ್ತಾರೆ ಅಂತಷ್ಟೇ ತಿಳಿದು ಆಕೆ ನಗುತ್ತ ಕೂತಿದ್ದರು. ಮೇಷ್ಟ್ರು ಇನ್ನೂ ಸ್ಕೂಲಿಗೆ ಹೊರಟಿರಲಿಲ್ಲ, ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಅಯ್ಯನವರು ಪುಟ್ಟ ಲಿಂಗವನ್ನು ತಟ್ಟೆಯಲ್ಲಿಟ್ಟು ವಿಭೂತಿ ಹಚ್ಚಿದರು. "ಮೊದಲು ನಿನ್ನ ಲಿಂಗ ತೆಗೆದು ಅಂಗೈಮೇಲೆ ಇಟ್ಕೊ ತಾಯಿ" ಅಂದರು.

ಆಕೆ ಅಂಗೈ ಚಾಚಿ ಹಾಗೇ ಕೂತರು. ಅತ್ತೆ, "ನಾಚ್ಕೋಬ್ಯಾಡ ಕಣೇ, ಸೆರಗು ಮರೆ ಮಾಡ್ತೀನಿ" ಅಂತ ಕೊರಳ ಹತ್ತಿರ ದಾರಕ್ಕೆ ಕೈ ಹಾಕಿದರು. ದಾರವಿರಲಿಲ್ಲ.

ಮೇಷ್ಟ್ರು ಮುಂದೆ ಬಂದರು. ದನಿಯಲ್ಲಿ ಅಂಜಿಕೆ ಇರಲಿಲ್ಲ. "ನಮಗೆ ಲಿಂಗ ಕಟ್ಟಾಕಿಲ್ಲ ಸ್ವಾಮಿ. ಅಮ್ಮಾರು ಪ್ರೀತಿಯಿಂದ ಮಾಡ್ಸಕ್ಕೆ ಹೊಂಟವ್ರೆ, ಅಷ್ಟು ದೊಡ್ಡ ಮನಸ್ಸು. ನಾವು ಯಾವ ಕೇರಿಯೋರು ಅಂತ ಸಾವ್ಕಾರ್ರಿಗೆ ಮೊದಲಿಂದ ಗೊತ್ತೈತೆ" ಅಂತ ಮಾವನ ಕಡೆ ತಿರುಗಿ ಕೈಮುಗಿದರು.

ಅಯ್ಯನವರು ತಟ್ಟೆ ಎತ್ತಿಕೊಂಡು ಎದ್ದರು. ಮಾವ ಮೇಷ್ಟ್ರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಏನ್ಲಾ, ನೀನಲ್ವಾ ಹೋಗಿದ್ದು?"

ಹೇಳಲು ನನಗೆ ಸಮಯವಿತ್ತು. ಒಂದು ಉಸಿರಿನಷ್ಟು. "ಇವ್ರೇ ಹಂಗಂದಿದ್ದು ಮಾವ" ಅಂದೆ. "ಲಿಂಗವಂತರು ಅಂತ ಇವ್ರೇ ನನ್ಕೈಲಿ ಹೇಳಿದ್ರು."

ಮೇಷ್ಟ್ರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ. ನನ್ನ ಮಾತನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಹೊತ್ತು ಹಿಡಿಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಆಕೆ ಮಾತ್ರ, "ನಾವು ಯಾವತ್ತು ಹೇಳಿದ್ವಣ್ಣ?" ಅಂದರು. ಅದನ್ನು ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ.

ಅತ್ತೆ ಹಿಂದೆ ಸರಿದು ಗೋಡೆಗೆ ಒರಗಿದ್ದರು. "ಈ ಕೈಯಾಗೆ ತಲೆ ಬಾಚಿದ್ನಲ್ಲೇ! ನಿನ್ನ ಬಟ್ಟಲು ತಂದು ನನ್ನ ಒಲೆ ಮೇಲೆ ಇಟ್ನಲ್ಲೇ!" ಅಂತ ಅತ್ತರು. ಬೈದು ಅತ್ತರೋ, ಹುಡುಗಿ ಕೈತಪ್ಪಿ ಹೋದಳು ಅಂತ ಅತ್ತರೋ ನನಗೆ ಇಂದಿಗೂ ತಿಳಿಯದು. ಎದ್ದು ಸೀದಾ ಸ್ನಾನಕ್ಕೆ ಹೋದರು.

ಮಾವ ಕೂಗಾಡಲಿಲ್ಲ. "ಹೊತ್ತು ಮುಳುಗೋದ್ರೊಳ್ಗೆ ಖಾಲಿ ಮಾಡಿ ಮೇಷ್ಟ್ರೆ. ನೀವು ಯಾರು ಅನ್ನೋದಲ್ಲ, ಸುಳ್ಳು ಹೇಳಿ ಸೇರ್ಕೊಂಡ್ರಲ್ಲ, ಅದು" ಅಂದರು. ಈ ಮಾತೇ ಊರೆಲ್ಲ ಹಬ್ಬಿತು. ಸುಳ್ಳು ಹೇಳಿ ಮನೆ ಸೇರಿದ ಮೇಷ್ಟ್ರು. ಕೇರಿಯವರಿಗೆ ಮನೆ ಕೊಡಲ್ಲ ಅನ್ನುವುದಕ್ಕೆ ಬಾಯಿ ಬಾರದವರಿಗೂ ಸುಳ್ಳುಗಾರನಿಗೆ ಕೊಡಲ್ಲ ಅನ್ನುವುದು ಸುಲಭವಾಯಿತು. ಮೇಷ್ಟ್ರು ಮೂರು ದಿನ ಹೆಂಡತಿಯನ್ನು ಸ್ಕೂಲಿನ ಜಗಲಿಯಲ್ಲಿ ಕೂರಿಸಿ ಮನೆಗಾಗಿ ಅಲೆದರು. ನಾಲ್ಕನೆಯ ದಿನ ರಜೆ ಬರೆದುಕೊಟ್ಟು ಆಕೆಯನ್ನು ಕಲ್ಯಾಣದುರ್ಗದ ಬಸ್ಸಿಗೆ ಹತ್ತಿಸಿದರು. ಆ ಮೂರೂ ದಿನ ನಾನು ಕೂಲಿಯವರ ಜೊತೆ ಬಾವಿಯ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದೆ. ಗಂಜಲ ತಂದು ಸುರಿದವನೂ ನಾನೇ.

ಎರಡು ತಿಂಗಳಾದ ಮೇಲೆ ಹುಣಸೆಹಣ್ಣು ನೋಡುವ ನೆಪದಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ಮೇಷ್ಟ್ರು ಮನೆ ಮುಂದೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ನನ್ನನ್ನು ಕಂಡು ಎದ್ದರು. ಒಳಗಿನಿಂದ ಆಕೆಯ ಕೆಮ್ಮು ಕೇಳಿತು. ಕೂಸಿನ ಸದ್ದು ಇರಲಿಲ್ಲ. ನಾನು ಕೇಳಲಿಲ್ಲ, ಅವರೇ ಹೇಳಿದರು.

"ಗಂಡು ಕೂಸು. ಒಂದು ಸಲ ಅತ್ತಿತಂತೆ."

"ತಪ್ಪಾಯ್ತು ಮೇಷ್ಟ್ರೆ" ಅಂದೆ. "ನಿಮಗೆ ಒಳ್ಳೇದಾಗ್ಲಿ ಅಂತ್ಲೇ ನಾನು ಮಾವನಿಗೆ ಹಂಗೆ ಹೇಳಿದ್ದು."

ಅವರು ಸುತ್ತಿಗೆ ಕೆಳಗಿಟ್ಟರು. "ಗೊತ್ತಾಯ್ತು ಸ್ವಾಮಿ. ಆಮೇಲೆ ಕೂತು ಯೋಚನೆ ಮಾಡಿದ್ಮೇಲೆ ಗೊತ್ತಾಯ್ತು." ಚಪ್ಪಲಿಯನ್ನು ಪಕ್ಕಕ್ಕಿಟ್ಟು, "ಆಸ್ಪತ್ರೆ ಹಿಂದುಗಡೆ ಒಂದು ಕೋಣೆ ಇತ್ತು. ನಮ್ಮೋರದೇ, ಆಸ್ಪತ್ರೆ ಕಸ ಗುಡಿಸೋ ಆಯಮ್ಮಂದು. ಸೋರ್ತಿತ್ತು, ಆದ್ರೂ ಡಾಕ್ಟರಮ್ಮನ ಬಾಗಿಲಿಗೆ ಹತ್ತು ಹೆಜ್ಜೆ. ಬತ್ತೀನಿ ಅಂತ ಮಾತು ಕೊಟ್ಟಿದ್ದೆ. ಅಷ್ಟ್ರಾಗೆ ನೀವು ಮನೆ ಆಯ್ತು ಅಂದ್ರಿ. ಆಯಮ್ಮ ಬೇರೆಯೋರಿಗೆ ಕೊಟ್ಬುಟ್ಲು" ಅಂದರು.

ಒಳಗೆ ಆಕೆ ಮತ್ತೆ ಕೆಮ್ಮಿದರು.

"ನೀವೂ ಎಲ್ಲಾರಂಗೆ ಇಲ್ಲ ಅಂದಿದ್ರೆ ಸಾಕಾಗಿತ್ತು ಸ್ವಾಮಿ."

ಮಾವನಿಗೆ ನಿಜ ಹೇಳುತ್ತೇನೆ ಅಂದೆ. "ಹೇಳಿ" ಅಂದರು. ಮತ್ತೆ ಕೂತು ಸುತ್ತಿಗೆ ಎತ್ತಿಕೊಂಡರು.

ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಳ್ಳುತ್ತಲೇ ಮಾವ ಸತ್ತರು. ಅವರು ಬದುಕಿರುವ ತನಕ ಯಾರಾದರೂ ಮನೆ ಕೇಳಿದರೆ ಆ ಸುಳ್ಳುಗಾರ ಮೇಷ್ಟ್ರ ಕತೆಯನ್ನು ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ನಾನು ಕಲ್ಯಾಣದುರ್ಗದಿಂದ ಬಂದ ಮುಂದಿನ ತಿಂಗಳೇ, ಸುಣ್ಣ ಬಳಿದ ಆ ಮನೆಯನ್ನು ಯಾರೋ ಬಂದು ಕೇಳಿದ್ದರು. "ನೀನೇ ಹೋಗು, ಈ ಸಲ ಬಾಯಿಮಾತು ನಂಬಬೇಡ, ಸರಿಯಾಗಿ ನೋಡ್ಕೊಂಡು ಬಾ" ಅಂತ ಮಾವ ಬಸ್ಸಿನ ಕಾಸು ಕೊಟ್ಟರು. ಹೋದೆ. ಕೇಳಿಕೊಂಡು ಬಂದೆ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಆ ಸಂಸಾರ ಜಗಲಿಯಿಂದ ಎದ್ದು ಹೋಯಿತು. ಅದಾದ ಮೇಲೆಯೂ ಎಷ್ಟೋ ಸಲ ಹೋಗಿದ್ದೇನೆ.