ಎರಡು ಗಾಲಿಯ ಟ್ರಾಲಿ

ಹೆದರಿಕೆಗೆ ನಾನು ಹೊಸಬಳಲ್ಲ. ಕುರಿ ಹಿಂದೆ ಊರೂರು ತಿರುಗುವ ಮನೆತನದ ಸೊಸೆ. ತೋಳ, ಸಿಡಿಲು ಎಲ್ಲ ಕಂಡವಳು. ಆದರೆ ಶಹಾಪುರದಲ್ಲಿ ಟ್ರಾಲಿ ಆರಿಸಲು ಹೋದ ದಿನ ಹೆದರಿದಷ್ಟು ಯಾವತ್ತೂ ಹೆದರಿಲ್ಲ.

ನಮ್ಮವರು ಹಳೇ ಟೆಂಪೊ ಒಂದಕ್ಕೆ ತಗಡಿನ ಮಾಡು ಹೊದಿಸಿ, ಒಳಗೆ ಒಲೆ, ಹಾಸಿಗೆ ಇಟ್ಟು ಮನೆ ಮಾಡಿದ್ದರು. ಅದರ ಹಿಂದೆ ಕಟ್ಟಲು ಒಂದು ಟ್ರಾಲಿ ಬೇಕಿತ್ತು, ಎಳೇ ಮರಿಗಳಿಗೆ ಮತ್ತು ಮೊಣಕಾಲು ನೋವಿನ ನಮ್ಮ ಅತ್ತೆಗೆ. ಸುರಪುರ ರಸ್ತೆಯ ಅಂಗಡಿಯಲ್ಲಿ ಎರಡು ಗಾಲಿಯದನ್ನು ಕಂಡದ್ದೇ ನಮ್ಮವರು ಮನಸೋತರು. ಹಗುರ, ಸಂದಿಯಲ್ಲೂ ತಿರುಗುತ್ತದೆ ಎಂದು ಒಂದೇ ಸಮನೆ ಹೊಗಳಿದರು. ಅತ್ತೆ ಆಗಲೇ ತಮ್ಮ ಕಂಬಳಿಯನ್ನು ಅದರೊಳಗೆ ಹಾಸಿಬಿಟ್ಟರು. ಎಳೆದು ನೋಡಿ ಎಂದು ಅಂಗಡಿಯವರು ಹೇಳಿದ್ದಕ್ಕೆ, ಎದುರಿನ ಬಯಲಲ್ಲಿ ನಿಲ್ಲಿಸಿದ್ದ ಹಿಂಡಿನಿಂದ ಮರಿಗಳನ್ನು ತಂದು ತುಂಬಿದೆವು. ಅತ್ತೆಗಿಂತ ಮೊದಲು ನಾನು ಹತ್ತಿ ಕೂತೆ. ನಮ್ಮವರು ಅದನ್ನು ಟೆಂಪೊಗೆ ಕಟ್ಟಿ ಓಡಿಸಿದರು.

ಮರಿ ಮುಂದೆ ಹೋದರೆ ತಾಯಿಕುರಿಗಳು ತಾವಾಗಿ ಬೆನ್ನಿಗೆ ಬರುತ್ತವೆ. ನಾವು ಹಿಂಡು ನಡೆಸುವುದೇ ಹಾಗೆ. ಅವತ್ತೂ ಒದರುತ್ತಾ ಬಂದವು. ಟೆಂಪೊ ಬಯಲಿನಾಚೆಯ ಕಾಲುವೆಯ ಏರಿ ಹತ್ತುವಾಗ, ತಾಯಂದಿರ ದನಿ ಕೇಳಿ ಮರಿಗಳೆಲ್ಲ ಟ್ರಾಲಿಯ ಹಿಂಬಾಗಿಲಿಗೆ ನುಗ್ಗಿದವು. ನಡುವೆ ಇದ್ದದ್ದು ಎರಡೇ ಗಾಲಿ, ಭಾರವೆಲ್ಲ ಹಿಂದಕ್ಕೆ ಬಿತ್ತು. ಟ್ರಾಲಿಯ ಮೂತಿ ಮೇಲೆದ್ದು ಟೆಂಪೊದ ಹಿಂಭಾಗವನ್ನೂ ಎತ್ತಿತು. ಟೆಂಪೊದ ಹಿಂದಿನ ಗಾಲಿಗಳು ನೆಲ ಬಿಟ್ಟು ಸುಮ್ಮನೆ ಗಿರಗಿರ ತಿರುಗಿದವು. ಗಾಡಿ ನೀರಿದ್ದ ಮಗ್ಗುಲಿಗೆ ಜಾರತೊಡಗಿತು. ಕೂಗಿದರೂ ಎಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸಿಕ್ಕ ಸಿಕ್ಕ ಮರಿಗಳನ್ನು ಹಿಡಿದು ಮುಂದಕ್ಕೆ ಎಸೆದೆ, ನಾನೂ ಮುಂದಕ್ಕೆ ಹೋಗಿ ಬಿದ್ದೆ. ಟೆಂಪೊದ ಗಾಲಿಗಳು ಮತ್ತೆ ನೆಲ ಹಿಡಿದವು.

ಅಂಗಡಿಗೆ ಮರಳಿದಾಗ ನಮ್ಮವರು, ತುಸು ಜಾರಿತು ಅಷ್ಟೇ, ನೀನು ಹೆದರುಪುಕ್ಕಲಿ ಎಂದು ನಕ್ಕರು. ಅತ್ತೆ ಹತ್ತಲು ಕಾಲೆತ್ತಿದರು. ನಾನು ಅವರ ರಟ್ಟೆ ಹಿಡಿದೆ. ನಾಲ್ಕು ಜನರ ಮುಂದೆ ಗಂಡನಿಗೆ ಎಂದೂ ಎದುರಾಡಿದವಳಲ್ಲ, ಆದರೂ ಹೇಳಿದೆ.

"ಅತ್ತಿನ್ನ ಇದರಾಗ ಕೂಡಸಂಗಿಲ್ರಿ. ಮೊದಲ ನೀವ ಕುಂತು ನೋಡ್ರಿ."

ನಮ್ಮವರು ಮೀಸೆಯಲ್ಲೇ ನಗುತ್ತಾ ಮರಿಗಳ ನಡುವೆ ಕೂತರು. ಈ ಸಲ ಅಂಗಡಿಯವರು ಟೆಂಪೊ ಓಡಿಸಿದರು. ಏರಿಯ ಮೇಲೆ ಟ್ರಾಲಿಯ ಮೂತಿ ಮತ್ತೆ ಏಳುವುದು ದೂರದಿಂದ ಕಂಡಿತು. ಕಣ್ಣು ಮುಚ್ಚಿಕೊಂಡೆ. ಕಳಿಸಿದವಳು ನಾನೇ.

ತಿರುಗಿ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಸರಳು ಹಿಡಿದ ಬೆರಳು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ತಾಯಿಯ ಕಂಬಳಿಯನ್ನು ಎತ್ತಿ, ಕೊಡವಿ, ಹೆಗಲಿಗೆ ಹಾಕಿಕೊಂಡರು.

"ನಾಕ ಗಾಲೀದು ತೋರಸ್ರಿ," ಎಂದು ಅಂಗಡಿಯವರಿಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದರು: "ನಿನಗ ಎಲ್ಲೂ ಪೆಟ್ಟ ಹತ್ತಿಲ್ಲಲ್ಲ?"