ಹೊಟ್ಟೆಗೆ ಕಟ್ಟಿದ ಹಳೇ ಸೀರೆ

ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ ಕಟ್ಟಿಸುತ್ತಿದ್ದಾಗ ಸಾರವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಮುನಿಕೃಷ್ಣನಿಗೆ ಎದೆಯಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ತೋಳಿನಲ್ಲಿ ಮಾತ್ರ ಎತ್ತಿನ ಕಸುವು. ಗಾಲಿಕುರ್ಚಿ ಓಟಕ್ಕೆ ಇಳಿದಾಗ ಸೋಲುತ್ತಿದ್ದದ್ದು ತೋಳಲ್ಲ, ಉಸಿರು. ಹೊಟ್ಟೆ ಜೋತುಬಿದ್ದು ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು. ಕೆಮ್ಮುವುದಕ್ಕೂ ಬಲ ಸಾಲದು. ಫಿಸಿಯೋ ಕೃಪಾ ಕೊಟ್ಟ ರಬ್ಬರ್ ಬೆಲ್ಟಿಗೆ ಚರ್ಮ ಕಿತ್ತುಬಂತು. ಆಗ ತಾಯಿ ವೆಂಕಟಮ್ಮ ಹಳೇ ಸೀರೆ ಹರಿದು, ಬಾಣಂತಿಯರಿಗೆ ಕಟ್ಟುವಂತೆ ಸೊಂಟದಿಂದ ಮೇಲಕ್ಕೆ ಸುತ್ತಿ ಕಟ್ಟಿದಳು. ಉಸಿರು ಹದಕ್ಕೆ ಬಂತು. ಆದರೆ ಅವನಂತೆಯೇ ಬೆನ್ನು ಮುರಿದುಕೊಂಡ ಜೊತೆಗಾರ ಚಿರಂಜೀವಿ ಅದನ್ನು ನೋಡಿ, "ಏನ್ ಮಗಾ, ಗಂಡೋ ಹೆಣ್ಣೋ?" ಅಂದುಬಿಟ್ಟ. ಇವನ ಮಾನ ಅಲ್ಲಿಗೆ ಹೋಯಿತು, ನೋಡಿ.

ರಾಜ್ಯ ತಂಡದ ಆಯ್ಕೆಗೆ ಪೀಣ್ಯದ ಫ್ಯಾಕ್ಟರಿ ರಸ್ತೆಯಲ್ಲಿ ಓಟವಿತ್ತು. ಮೊದಲ ಮೂವರಿಗಷ್ಟೇ ಜಾಗ. ಅವತ್ತು ಮುನಿಕೃಷ್ಣ ತಾಯಿಯನ್ನು ಹತ್ತಿರ ಬರಗೊಡದೆ, ಆಟೊದಲ್ಲೇ ಆ ಸೀರೆ ಬಟ್ಟೆಯನ್ನು ಅಂಗಿಯೊಳಗೆ ತಾನೇ ಕಟ್ಟಿಕೊಂಡ. ಬಿಗಿ ಗೊತ್ತಾಗುವವರೆಗೆ ಎಳೆದ.

ಅರ್ಧ ದಾರಿ ಎರಡನೆಯವನಾಗಿದ್ದ. ಆಮೇಲೆ ಗಾಳಿ ಒಳಕ್ಕೆ ಹೋಗಲೊಲ್ಲದು. ಒಬ್ಬ ದಾಟಿದ, ಚಿರಂಜೀವಿಯೂ ದಾಟಿದ. ಕಣ್ಣು ಮಬ್ಬಾಯಿತು. ಹೆದರಿಕೆಯಾಯಿತು, ಸಾಯುವ ಹೆದರಿಕೆಯೇ. ಹಗ್ಗದಾಚೆ ನಿಂತಿದ್ದ ವೆಂಕಟಮ್ಮನ ಎದುರು ಕುರ್ಚಿ ನಿಲ್ಲಿಸಿದ. ಅವಳು ನುಸುಳಲು ಬಗ್ಗಿದಳು.

"ಮುಟ್ಬೇಡಿ ಅಮ್ಮ. ಮುಟ್ಟಿದ್ರೆ ಅವ್ರು ಔಟ್," ಎಂದ ತೀರ್ಪುಗಾರ.

ವೆಂಕಟಮ್ಮ ಅಲ್ಲೇ ನಿಂತು ಮಗನ ಅಂಗಿಯನ್ನು ದಿಟ್ಟಿಸಿದಳು. "ಪಕ್ಕೆ ಮ್ಯಾಲೆ ಕಟ್ಕಂಡಿದ್ದೀಯಲ್ಲೋ. ಬಿಚ್ಚು."

ಬಿಗಿ ಗೊತ್ತಾಗುವ ಜಾಗ ಅವನಿಗೆ ಅದೊಂದೇ. ಅದಕ್ಕೇ ಅಲ್ಲಿ ಕಟ್ಟಿದ್ದ, ದಡ್ಡ. ರಸ್ತೆಯವರೆಲ್ಲ ನೋಡುತ್ತಿದ್ದಂತೆ ಅಂಗಿ ಎತ್ತಿ ಗಂಟು ಬಿಚ್ಚಿದ.

"ಕೆಳಕ್ಕೆ. ಇನ್ನೂ ಕೆಳಕ್ಕೆ. ಸೊಂಟದ ಮೂಳೆ ತಾವಿಂದ ಸುತ್ತು."

"ಏನೂ ಗೊತ್ತಾಗ್ತಿಲ್ಲಮ್ಮ."

"ನಂಗ್ ಕಾಣ್ತದೆ. ಎಳಿ. ಇನ್ನೊಂಚೂರು ಎಳಿ. ಗಂಟಾಕು."

ತನ್ನ ಹೊಟ್ಟೆಯನ್ನೇ ಯಾರದೋ ಮೂಟೆಯಂತೆ ಬಿಗಿದು ಕಟ್ಟಿದ. ಉಸಿರೆಳೆದ. ಬಂತು. ಹಿಂದಿನವರು ಇನ್ನೂ ದೂರದಲ್ಲಿದ್ದರು; ಅಂಗಿ ಇಳಿಸುವುದನ್ನೂ ಮರೆತು ಹೊರಟ.

ಕೊನೆಯ ಏರಿನಲ್ಲಿ ಚಿರಂಜೀವಿ ಬಾಯಿ ತೆರೆದು ಏದುತ್ತಿದ್ದ. ಮುನಿಕೃಷ್ಣನಿಗೆ ಆ ಏದುಸಿರಿನ ಗುರುತು ಚೆನ್ನಾಗಿ ಇತ್ತು. ಅಯ್ಯೋ ಅನ್ನಿಸಿತು, ಆದರೂ ಕೈ ನಿಲ್ಲಲಿಲ್ಲ. ಒಂದು ಗಾಲಿಯಷ್ಟು ಮುಂದಾಗಿ, ಮೂರನೆಯವನಾಗಿ ಗೆರೆ ದಾಟಿದ.

ಹಿಂದೆಯೇ ಬಂದ ಚಿರಂಜೀವಿ ತಲೆ ತಗ್ಗಿಸಿ ಕೆಮ್ಮಲು ನೋಡಿದ. ಕೆಮ್ಮು ಬರಲಿಲ್ಲ. ಅಷ್ಟರಲ್ಲಿ ಓಡಿಬಂದ ವೆಂಕಟಮ್ಮ ಮಗನನ್ನು ಬಿಟ್ಟು ಅವನ ಬೆನ್ನು ನೀವಿದಳು.

"ಮನೇಲಿ ಇನ್ನೊಂದ್ ಹಳೇ ಸೀರೆ ಐತೆ. ನಾಳೆ ಬಾರಪ್ಪ, ಕಟ್ತೀನಿ."